ನೀರಿರುವಲ್ಲಿ ವಿದ್ಯುತ್: ಮಳೆಗಾಲಕ್ಕೆ ಮುನ್ನ ಒಂದು ಪಾಠ

"ಬಚ್ಚಲಿನ ನಲ್ಲಿ ಮುಟ್ಟಿದರೆ ಕೈ ಜುಂ ಎನ್ನುತ್ತದೆ" ಎಂದು ಮನೆಯವರು ಹೇಳಿದರೆ, "ಮಳೆಗಾಲವಲ್ಲವೇ, ಗೋಡೆ ಒದ್ದೆಯಾಗಿದೆ" ಎಂದು ಸುಮ್ಮನಾಗುವುದು ನಮ್ಮಲ್ಲಿ ವಾಡಿಕೆ. ಆದರೆ ಆ ಜುಂ ಎನ್ನುವುದು ಕೊನೆಯ ಎಚ್ಚರಿಕೆಯೂ ಆಗಿರಬಹುದು. ಅದರ ಕಾರಣವನ್ನೂ ಪರಿಹಾರವನ್ನೂ ಈ ಸಂಚಿಕೆಯಲ್ಲಿ ತಿಳಿದುಕೊಳ್ಳೋಣ.

ಫ್ಯೂಸ್ ಏಕೆ ಸಾಲದು?

ಮನೆಯ ವಿದ್ಯುತ್ ಒತ್ತಡ 230 ವೋಲ್ಟ್. ಸುಮಾರು 10 ಮಿಲಿಆಂಪಿಯರ್ ಮೀರಿದರೆ ಸ್ನಾಯು ಬಿಗಿದು, ಹಿಡಿದ ಕೈ ಬಿಡಿಸಲಾಗದು. 30 ಮಿಲಿಆಂಪಿಯರ್ ಮೀರಿ ಎದೆಯ ಮೂಲಕ ಹರಿಯುತ್ತಿದ್ದರೆ ಪ್ರಾಣಕ್ಕೇ ಅಪಾಯ. ಒದ್ದೆ ಮೈ, ಬರಿಗಾಲು ಇದ್ದಲ್ಲಿ ಇಷ್ಟು ಹರಿಯುವುದು ಸುಲಭ. ಆದರೆ ಗೀಸರಿನ ಫ್ಯೂಸ್ ಅಥವಾ ಎಂ.ಸಿ.ಬಿ. 16 ಆಂಪಿಯರಿನದು, ಅಂದರೆ 16,000 ಮಿಲಿಆಂಪಿಯರ್. ಅದು ತಂತಿ ಸುಡದಂತೆ ಕಾಯುತ್ತದೆ, ಮನುಷ್ಯನನ್ನಲ್ಲ.

ಅರ್ತಿಂಗ್ ಇದ್ದರೆ ಸಾಕೇ?

ಅರ್ತಿಂಗ್ ಬೇಕೇ ಬೇಕು. ಆದರೆ ನಮ್ಮ ಮುರಕಲ್ಲಿನ ನೆಲ ಬೇಸಿಗೆಯಲ್ಲಿ ಒಣಗಿದಾಗ ಅದರ ಪ್ರತಿರೋಧ ಬಹಳ ಏರುತ್ತದೆ. ಗೀಸರಿನ ಮೈಗೆ ಫೇಸ್ ತಂತಿ ತಗುಲಿದೆ, ಸೋರಿಕೆಯ ದಾರಿಯ ಒಟ್ಟು ಪ್ರತಿರೋಧ 20 ಓಮ್ ಎಂದಿಟ್ಟುಕೊಳ್ಳಿ. 230ನ್ನು 20ರಿಂದ ಭಾಗಿಸಿದರೆ 11.5 ಆಂಪಿಯರ್. 16 ಆಂಪಿಯರಿನ ಫ್ಯೂಸ್ ಹೋಗುವುದೇ ಇಲ್ಲ! ಗೀಸರಿನ ಮೈ, ಕಬ್ಬಿಣದ ಪೈಪು, ನಲ್ಲಿ ಎಲ್ಲವೂ ವಿದ್ಯುತ್ ಹೊತ್ತು ನಿಂತಿರುತ್ತವೆ.

ಈ ಕೊರತೆ ತುಂಬುವುದು ಆರ್.ಸಿ.ಸಿ.ಬಿ. ಫೇಸಿನಲ್ಲಿ ಹೋದ ಪ್ರವಾಹ ನ್ಯೂಟ್ರಲಿನಲ್ಲಿ ಅಷ್ಟೇ ಹಿಂದಿರುಗುತ್ತಿದೆಯೇ ಎಂದು ಅದು ಸದಾ ತಾಳೆ ನೋಡುತ್ತದೆ. 30 ಮಿಲಿಆಂಪಿಯರ್ ವ್ಯತ್ಯಾಸ ಬಂದರೆ ಕ್ಷಣಾರ್ಧದಲ್ಲಿ ಸರಬರಾಜು ಕಡಿದುಬಿಡುತ್ತದೆ. ಆದರೆ ಫೇಸ್, ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಮುಟ್ಟಿದವರನ್ನು ಅದು ಉಳಿಸಲಾರದು.

ಸದಸ್ಯರು ಗಮನಿಸಬೇಕಾದ ಅಂಶಗಳು

1. ಮನೆಗೆ 30 ಮಿಲಿಆಂಪಿಯರಿನ ಆರ್.ಸಿ.ಸಿ.ಬಿ.ಯನ್ನು ಪರವಾನಗಿ ಪಡೆದ ಎಲೆಕ್ಟ್ರಿಷಿಯನ್‌ರಿಂದಲೇ ಹಾಕಿಸಿ. ಎಂ.ಸಿ.ಬಿ.ಯೂ ಜೊತೆಗಿರಲಿ. ಆಳುಗಳ ಲೈನ್ ಮನೆ, ಪಲ್ಪರ್ ಮನೆ, ಪಂಪ್‌ಶೆಡ್ಡುಗಳನ್ನು ಮರೆಯಬೇಡಿ. ಅಲ್ಲಿಯೂ ಒದ್ದೆ ಕೈಗಳೇ ಕೆಲಸ ಮಾಡುವುದು.

2. ಅದರ ಟೆಸ್ಟ್ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡಿ. ಬೀಳದಿದ್ದರೆ ಬದಲಾಯಿಸಿ.

3. ಮಳೆಗಾಲದಲ್ಲಿ ಪದೇ ಪದೇ ಬೀಳುತ್ತದೆಂದು ಅದನ್ನು ತಪ್ಪಿಸಿ ನೇರ ತಂತಿ ಕೊಡಬೇಡಿ. ಎಲ್ಲ ಪ್ಲಗ್ ಕಿತ್ತು, ಒಂದೊಂದಾಗಿ ಹಾಕಿ ದೋಷವಿರುವ ಉಪಕರಣ ಹುಡುಕಿ. ಎಲ್ಲ ಕಿತ್ತರೂ ಬಿದ್ದರೆ ವೈರಿಂಗಿನಲ್ಲೇ ಸೋರಿಕೆಯಿದೆ.

4. ಪ್ಲಗ್, ಸ್ವಿಚ್ಚುಗಳು ನಲ್ಲಿಯಿಂದ ದೂರವಿರಲಿ. ಗೀಸರಿನ ಸ್ವಿಚ್ ಬಚ್ಚಲಿನ ಹೊರಗಿರಲಿ.

5. ನೀರು ಕಾಯಿಸುವ ರಾಡನ್ನು ಪ್ಲಗ್ ಕಿತ್ತ ಮೇಲೆಯೇ ಮುಟ್ಟಿ.

6. ಮೂರು ಪಿನ್ನಿನ ಪ್ಲಗ್‌ನ ದಪ್ಪ ಪಿನ್ ಅರ್ತಿಂಗಿನದು. ಅದನ್ನು ಮುರಿದು ಬಳಸಬೇಡಿ. ಬೇಸಿಗೆಯಲ್ಲಿ ಅರ್ತ್ ಗುಂಡಿಗೆ ನೀರು ಹಾಕಿಸಿ.

7. ಇನ್ವರ್ಟರ್ ಇದ್ದ ಮನೆಯಲ್ಲಿ ಮೇನ್ ತೆಗೆದರೂ ತಂತಿಯಲ್ಲಿ ವಿದ್ಯುತ್ ಇರುತ್ತದೆ. ಎರಡನ್ನೂ ಆರಿಸಿ.

ಅಪಘಾತವಾದರೆ ಬಿದ್ದವರನ್ನು ಮುಟ್ಟುವ ಮೊದಲು ಮೇನ್ ತೆಗೆಯಿರಿ. ಆಗದಿದ್ದರೆ ಒಣ ನೆಲದ ಮೇಲೆ ನಿಂತು ಒಣ ಮರದ ಕೋಲಿನಿಂದ ಬಿಡಿಸಿ, 108ಕ್ಕೆ ಕರೆಮಾಡಿ. ಉಸಿರು ನಿಂತಿದ್ದರೆ ನೆರವು ಬರುವತನಕ ಎದೆ ಒತ್ತುತ್ತಿರಿ.

ಬೋರ್ಡೋ ಸಿಂಪಡಣೆಗೆ ಮಳೆಗೆ ಮುಂಚೆಯೇ ನಾವು ಸಿದ್ಧರಾಗುತ್ತೇವೆ. ಬಚ್ಚಲಿನ ಪ್ಲಗ್ ಅನ್ನೂ ಅದೇ ವಾರ ಒಮ್ಮೆ ನೋಡೋಣ.