ಪರದೆ ಕಪ್ಪಾದರೆ ಪ್ರೊಜೆಕ್ಟರ್‌ ಮೇಲೇ ಸಂಶಯವೇಕೆ?

ಸರ್ವಿಸ್‌ನವರನ್ನು ಕರೆಸಿ ದುಡ್ಡು ದಂಡ ಮಾಡುವ ಮುನ್ನ ತಡೆಯಿರಿ. ನನಗೆ ಅನುಮಾನವಿರುವುದು ಗೋಡೆಯೊಳಗಿನ ಆ 12 ಮೀಟರ್ ತಾಮ್ರದ ಎಚ್‌ಡಿಎಂಐ ಕೇಬಲ್ ಮೇಲೆ. 1080ಪಿ ಸರಾಗವಾಗಿ ಬರುತ್ತದೆ, 4ಕೆ ಹಾಕಿದೊಡನೆ ಬಿಳಿ ಚುಕ್ಕಿ ಮಿನುಗಿ ಪರದೆ ಕಪ್ಪಾಗುತ್ತದೆ ಎಂದು ನೀವೇ ಬರೆದಿದ್ದೀರಿ. ಸೆಕೆಂಡಿಗೆ 60 ಫ್ರೇಮ್‌ಗಳ 4ಕೆ ಎಚ್‌ಡಿಆರ್ ಚಿತ್ರಕ್ಕೆ ಸೆಕೆಂಡಿಗೆ ಸುಮಾರು 18 ಗಿಗಾಬಿಟ್ ಸಾಗಬೇಕು; ಆವರ್ತನ ಏರಿದಷ್ಟೂ ಉದ್ದದ ತಾಮ್ರದಲ್ಲಿ ಸಂಕೇತ ಸೊರಗುತ್ತದೆ. ಪ್ಲೇಯರ್‌ನಲ್ಲಿ 24 ಫ್ರೇಮ್ ಆಯ್ದು ನೋಡಿ. ತೊಂದರೆ ನಿಂತರೆ ಕಳ್ಳ ಸಿಕ್ಕಿಬಿದ್ದ ಹಾಗೆಯೇ.

ಅಂಗಡಿಯವರು ಚಿನ್ನದ ಲೇಪದ ದುಬಾರಿ ಕೇಬಲ್ ತೋರಿಸಬಹುದು. ಚಿನ್ನ ತುಕ್ಕು ತಡೆಯುತ್ತದೆ, ದೂರವನ್ನಲ್ಲ!

ನೀವು ಕೊಳ್ಳಬೇಕಾದದ್ದು ತಾಮ್ರದ ಬದಲು ಬೆಳಕಿನ ಎಳೆಯಲ್ಲಿ ಸಂಕೇತ ಸಾಗಿಸುವ ಆ್ಯಕ್ಟಿವ್ ಆಪ್ಟಿಕಲ್ ಕೇಬಲ್. ಇದಕ್ಕೆ ದಿಕ್ಕು ಉಂಟು: ‘ಸೋರ್ಸ್’ ತುದಿ ಚಿತ್ರ ಕಳಿಸುವ ಪ್ಲೇಯರ್ ಅಥವಾ ರಿಸೀವರ್‌ಗೆ, ‘ಡಿಸ್‌ಪ್ಲೇ’ ತುದಿ ಪ್ರೊಜೆಕ್ಟರ್‌ಗೆ. ಉಲ್ಟಾ ಹಾಕಿದರೆ ಚಿತ್ರವೇ ಬಾರದು. ಹಾಗಾಗಿ ಗೋಡೆಯ ಪೈಪಿನೊಳಗೆ ತೂರಿಸುವ ಮೊದಲು ನೆಲದ ಮೇಲೆ ಹಾಸಿಕೊಂಡೇ ಒಂದು ಇಡೀ ಸಿನಿಮಾ ನೋಡಿಬಿಡಿ, ಮನೆಯವರು ಎಡವಿ ಬೈದರೂ ಸರಿ. ಎಳೆಯುವಾಗ ಪ್ಲಗ್ ಹಿಡಿದು ಜಗ್ಗಬೇಡಿ, ತಿರುವಿನಲ್ಲಿ ಮಡಚಬೇಡಿ; ಒಳಗಿನ ಎಳೆ ಮುರಿದರೆ ಮನೆಯಲ್ಲಿ ಬೆಸೆಯಲಾಗದು. ಹಳೆಯ ಕೇಬಲ್ ತೆಗೆಯುವಾಗ ಅದರ ಬಾಲಕ್ಕೆ ಎರಡು ಗಟ್ಟಿ ದಾರ ಕಟ್ಟಿ. ಒಂದು ಹೊಸ ಕೇಬಲ್ ಎಳೆಯಲು, ಇನ್ನೊಂದು ಮುಂದಿನ ಸಲಕ್ಕೆಂದು ಪೈಪಿನಲ್ಲೇ ಇರಲಿ.