ಹಲಗೆ ಹಿಡಿಯಲು ಕರೆದರೆ ಹೋಗಬೇಡಿ

ಪ್ರಶ್ನೆ: ನಮ್ಮ ಯಜಮಾನರು ಭೋಸರಿ ಎಂಐಡಿಸಿಯ ಕಾರ್ಖಾನೆಯೊಂದರಲ್ಲಿ ತಗಡು ಒತ್ತುವ ಪ್ರೆಸ್ ಶಾಪಿನಲ್ಲಿ ದುಡಿದು ಕಳೆದ ವರ್ಷ ನಿವೃತ್ತರಾದರು. ನಾವು ವಿಜಯಪುರ ಕಡೆಯವರು. ಈಗ ಕೋಥ್ರೂಡಿನಲ್ಲಿ ಮೂರನೇ ಮಹಡಿಯ ಫ್ಲ್ಯಾಟು. ಸುಮ್ಮನೆ ಕೂರಲಾರದೆ ಮರದ ಪಟ್ಟಿಯನ್ನು ಬೇಕಾದ ಕೋನಕ್ಕೆ ಕೊಯ್ಯುವ ಕರೆಂಟಿನ ಗರಗಸ, ಮೈಟರ್ ಸಾ, ತಂದು ಬಾಲ್ಕನಿಯಲ್ಲಿ ಇಟ್ಟಿದ್ದಾರೆ. ಈ ಸಲದ ಗಣಪತಿಗೆ ಮಂಟಪ ತಾವೇ ಮಾಡುತ್ತಾರಂತೆ. ಉದ್ದನೆಯ ಪಟ್ಟಿ ಕೊಯ್ಯುವಾಗ ಆ ತುದಿ ಹಿಡಿದುಕೋ ಎಂದು ನನ್ನನ್ನು ಕರೆಯುತ್ತಾರೆ. ನನಗೆ ಕೈ ನಡುಗುತ್ತದೆ. ಹೇಳಿದರೆ, ‘ಮೂವತ್ತು ವರ್ಷ ಪ್ರೆಸ್ ನಡೆಸಿದವನಿಗೆ ಇದು ಆಟಿಕೆ’ ಎಂದು ನಗುತ್ತಾರೆ. ಏಳು ವರ್ಷದ ಮೊಮ್ಮಗ ರಜೆಗೆ ಬರುವವನಿದ್ದಾನೆ. ಮೆಷಿನ್ ಮಾರಿಸಿಬಿಡಲೇ?
– ಹೆಸರು ಬೇಡ, ಪುಣೆ

ಉತ್ತರ: ಮಾರಿಸಬೇಡಿ. ನಿವೃತ್ತಿಯಾದ ಹೊಸತರಲ್ಲಿ ಕೈಗೊಂದು ಕೆಲಸ ಹುಡುಕಿಕೊಂಡ ಗಂಡಸನ್ನು ಎಬ್ಬಿಸಿ ಟಿ.ವಿ. ಮುಂದೆ ಕೂರಿಸಿದರೆ ಆ ಮನೆಯಲ್ಲಿ ಬೇರೆಯೇ ಗರಗಸ ಶುರುವಾಗುತ್ತದೆ.

ಆದರೆ ಹಲಗೆ ಹಿಡಿಯುವುದನ್ನು ಇವತ್ತೇ ನಿಲ್ಲಿಸಿ. ಕೊಯ್ಯುತ್ತಿರುವಾಗ ನಿಮ್ಮ ಕೈಯಲ್ಲಿರುವ ತುದಿ ಕೂದಲೆಳೆಯಷ್ಟು ಮೇಲೆದ್ದರೂ ಸೀಳು ಮುಚ್ಚಿಕೊಂಡು ಬ್ಲೇಡನ್ನು ಎರಡೂ ಕಡೆಯಿಂದ ಕಚ್ಚುತ್ತದೆ. ಆಗ ಪಟ್ಟಿ ಎಗರಬಹುದು, ಅದರ ಜೊತೆಗೆ ಯಾರ ಕೈ ಎತ್ತ ಹೋಗುತ್ತದೋ ಹೇಳಲಾಗದು. ಆಸರೆಗೆ ಇನ್ನೊಬ್ಬ ಮನುಷ್ಯನನ್ನು ಬಳಸಬಾರದು ಎಂಬ ಎಚ್ಚರಿಕೆ ಇಂಥ ಮೆಷಿನ್ನುಗಳ ಕೈಪಿಡಿಯಲ್ಲೇ ಸಾಮಾನ್ಯವಾಗಿ ಇರುತ್ತದೆ. ಹುಡುಕಿ, ಆ ಸಾಲಿನ ಕೆಳಗೆ ಗೆರೆ ಎಳೆದು ಟೀ ಜೊತೆ ಮುಂದಿಡಿ. ಹೆಂಡತಿಯ ಭಯಕ್ಕೆ ನಗುವವರೂ ಕೈಪಿಡಿಗೆ ನಗುವುದಿಲ್ಲ, ಶಾಪಿನಲ್ಲಿ ಬೆಳೆದವರಂತೂ ಖಂಡಿತ ಇಲ್ಲ. ಮೆಷಿನ್ನಿನ ಮೇಜಿನ ಮಟ್ಟಕ್ಕೆ ಸರಿಯಾಗಿ ಒಂದು ಸ್ಟ್ಯಾಂಡು ಮಾಡಿಕೊಂಡರೆ ನಿಮ್ಮ ಕೈಗಿಂತ ಚೆನ್ನಾಗಿ ಹಿಡಿದುಕೊಳ್ಳುತ್ತದೆ. ಮಂಟಪಕ್ಕೆ ಮುಂಚೆ ಅದೇ ಅವರ ಮೊದಲ ಕೆಲಸವಾಗಲಿ.

ಅವರ ಮೂವತ್ತು ವರ್ಷ ಸುಳ್ಳಲ್ಲ. ಆದರೆ ಅಷ್ಟು ವರ್ಷ ಅವರ ಬೆರಳನ್ನು ಕಾದದ್ದು ಬರೀ ಅನುಭವವೇ? ಸರಿಯಾಗಿ ಜೋಡಿಸಿದ ಪ್ರೆಸ್ಸಿಗೆ ಎರಡು ಬಟನ್ ಇರುತ್ತವೆ. ಎರಡನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ಅದು ಇಳಿಯುತ್ತದೆ, ಹಾಗಾಗಿ ಎರಡೂ ಕೈ ಬಟನ್ನಿನ ಮೇಲೇ ಇರಬೇಕು, ಡೈ ಕೆಳಗೆ ಹೋಗಲು ಮೂರನೇ ಕೈ ಇಲ್ಲ. ಉತ್ಪಾದನೆಯ ಅವಸರಕ್ಕೆ ಒಂದು ಬಟನ್ನನ್ನು ಕಟ್ಟಿಹಾಕಿದ ಕಡೆ ಏನಾಗುತ್ತದೆಂದು ಅವರನ್ನೇ ಕೇಳಿ, ನಿಮಗೆ ಹೇಳದೆ ಉಳಿಸಿಕೊಂಡ ಕಥೆ ಇದ್ದರೂ ಇದ್ದೀತು. ಅಪಾಯದ ಭಾಗಗಳಿಗೆ ಬೇಲಿ ಇರಲೇಬೇಕು ಎಂದು 1948ರ ಕಾರ್ಖಾನೆ ಕಾಯ್ದೆ ಹೇಳಿತು, ಅದನ್ನು ನೋಡಿಕೊಳ್ಳಲು ಮೇಲಿನವರಿದ್ದರು. ಕೋಥ್ರೂಡಿನ ಬಾಲ್ಕನಿಗೆ ಯಾವ ಇನ್‌ಸ್ಪೆಕ್ಟರೂ ಬರುವುದಿಲ್ಲ.

ಮೈಟರ್ ಸಾಗೆ ಇರುವುದು ಒಂದೇ ಟ್ರಿಗರ್. ಒಂದು ಕೈ ಅಲ್ಲಿ, ಇನ್ನೊಂದು ಬಿಡುವಾಗಿದೆ. ನನ್ನ ಚಿಂತೆಯೆಲ್ಲ ಆ ಬಿಡುವಿನ ಕೈಯದು. 10 ಇಂಚಿನ ಬ್ಲೇಡು ನಿಮಿಷಕ್ಕೆ 5000 ಸುತ್ತಿನಂತೆ ತಿರುಗಿದರೆ ಅದರ ಹಲ್ಲು ಗಂಟೆಗೆ ಸುಮಾರು 240 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿರುತ್ತದೆ. ಬೆರಳು ಹತ್ತಿರವಾಯಿತೆಂದು ತಿಳಿದು ಕೈ ಹಿಂದಕ್ಕೆಳೆಯಲು ಸೆಕೆಂಡಿನ ಐದರಲ್ಲೊಂದು ಭಾಗ ಹಿಡಿದರೂ ಅಷ್ಟರಲ್ಲಿ ಬ್ಲೇಡು 16 ಸಲ ಸುತ್ತಿರುತ್ತದೆ. ಇಲ್ಲಿ ಚುರುಕುತನ ಉಪಯೋಗಕ್ಕೆ ಬರುವುದಿಲ್ಲ. ಆ ಕೈ ಬ್ಲೇಡಿನ ದಾರಿಯಿಂದ 15 ಸೆಂ.ಮೀ. ಆಚೆಗೇ ಇರಬೇಕು, ಪಟ್ಟಿಯನ್ನು ಕ್ಲ್ಯಾಂಪು ಹಿಡಿಯಬೇಕು. ಕೈಗೆ ಕೈ ಅಡ್ಡ ಹಾಯಿಸಿ ಹಿಡಿಯುವ ಅಭ್ಯಾಸವಿದ್ದರೆ ಬಿಡಿಸಿ. ಪಟ್ಟಿ ಬಾಗಿದ್ದರೆ ಉಬ್ಬಿದ ಮಗ್ಗುಲು ಹಿಂದಿನ ಫೆನ್ಸಿಗೆ ತಾಗಿರಲಿ, ಇಲ್ಲದಿದ್ದರೆ ಅಲ್ಲೂ ಬ್ಲೇಡು ಸಿಕ್ಕಿಕೊಳ್ಳುತ್ತದೆ.

ಮಂಟಪ ಎಂದಿರಲ್ಲ, ಅಲ್ಲೇ ಕುತ್ತು. ಕಂಬ, ತೊಲೆ ಕೊಯ್ಯುವಾಗ ಯಾರಿಗೂ ಏನೂ ಆಗಲಿಕ್ಕಿಲ್ಲ. ಗೋಪುರದ ಅಂಚಿಗೆ 45 ಡಿಗ್ರಿಯ ಎರಡಿಂಚಿನ ಚೂರು ಬೇಕಾದಾಗ, ಉಳಿದ ತುಂಡನ್ನು ಬೆರಳ ತುದಿಯಲ್ಲಿ ಒತ್ತಿ ‘ಇದೊಂದೇ’ ಎನ್ನುತ್ತಾರೆ. ಚೂರುಗಳನ್ನು ಉದ್ದ ಪಟ್ಟಿಯಿಂದಲೇ ಕೊಯ್ದುಕೊಳ್ಳಬೇಕು. ಪಟ್ಟಿ ಗಿಡ್ಡವಾಯಿತೋ ಮೆಷಿನ್ ಬಿಟ್ಟು ಕೈಗರಗಸ, ಮೈಟರ್ ಬಾಕ್ಸು ತೆಗೆದುಕೊಳ್ಳಲಿ. ನಾಲ್ಕು ನಿಮಿಷ ಹೆಚ್ಚು ಹಿಡಿಯುತ್ತದೆ, ಗಣಪತಿ ಕಾಯುತ್ತಾನೆ. ಇನ್ನೊಂದು, ಟ್ರಿಗರ್ ಬಿಟ್ಟ ಮೇಲೂ ಬ್ಲೇಡು ಕೆಲವು ಸೆಕೆಂಡು ತಿರುಗುತ್ತಲೇ ಇರುತ್ತದೆ. ಸದ್ದು ಇಳಿಯಿತೆಂದು ಚೂರು ಹೆಕ್ಕಲು ಕೈ ಹಾಕುವುದು ಆಗಲೇ. ಬ್ಲೇಡು ಪೂರ್ತಿ ನಿಲ್ಲುವವರೆಗೆ ಮೆಷಿನ್ನಿನ ತಲೆಯನ್ನು ಕೆಳಗೇ ಹಿಡಿದಿದ್ದು ಆಮೇಲೆ ಎತ್ತಬೇಕು.

ಉಡುಪಿನ ಮಾತು. ಮನೆಯಲ್ಲಿ ಪಂಚೆ, ಹೆಗಲ ಮೇಲೊಂದು ಟವೆಲು ಇದ್ದೇ ಇರುತ್ತದೆ ಎಂದುಕೊಂಡಿದ್ದೇನೆ. ಟವೆಲು ಒಳಗೆ ಬಿಟ್ಟು ಬರಲಿ. ಕೈಗವಸು ಹಾಕಿಕೊಂಡರೆ ಕ್ಷೇಮ ಎಂದು ನಿಮಗನ್ನಿಸಬಹುದು, ಈ ಮೆಷಿನ್ನಿಗೆ ಅದು ಬೇಡ. ಹಲ್ಲಿಗೆ ನೂಲು ಸಿಕ್ಕರೆ ಗವಸು ಕೈಯನ್ನೂ ಎಳೆದೊಯ್ಯುತ್ತದೆ. ಕಣ್ಣಿಗೆ ಕನ್ನಡಕ, ಕಿವಿಗೆ ಬಿರಡೆ, ಮೂಗಿಗೆ ಎನ್95 ಮಾಸ್ಕು ಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಮರದ ಧೂಳನ್ನು 1995ರಲ್ಲೇ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಇನ್ನು ಸದ್ದಿನ ಮಾತು, ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಮೆಷಿನ್ ಹಾಕದಿದ್ದರೆ ಒಳ್ಳೆಯದು. ಪುಣೆಯವರ ನಿದ್ದೆ ಕೆಡಿಸಿದವರಿಗೆ ಯಾವ ಕಾಯ್ದೆಯೂ ರಕ್ಷಣೆ ಕೊಡಲಾರದು!

ಪ್ಲಗ್ ಯಾವುದಕ್ಕೆ ಹಾಕುತ್ತಿದ್ದಾರೆ ನೋಡಿ. 1800 ವಾಟ್‌ನ ಮೆಷಿನ್ ಸುಮಾರು 8 ಆಂಪಿಯರ್ ಎಳೆಯುತ್ತದೆ, ಬಾಲ್ಕನಿಯ 6 ಆಂಪಿಯರ್ ಸಾಕೆಟ್ಟಿಗೂ ಇಸ್ತ್ರಿಯ ಎಕ್ಸ್‌ಟೆನ್ಷನ್ನಿಗೂ ಅದು ಸಲ್ಲದು. ಕೊಯ್ಯುವಾಗ ಕರೆಂಟು ಹೋದರೆ ಮೊದಲು ಪ್ಲಗ್ ಕೀಳಬೇಕು, ಆಮೇಲೆ ಪಟ್ಟಿ ಬಿಡಿಸಬೇಕು. ನಿಮ್ಮಲ್ಲಿ ದುರಸ್ತಿಗೆಂದು ಕರೆಂಟು ತೆಗೆಯುವುದು ಹೆಚ್ಚಾಗಿ ಗುರುವಾರ. ಅಂದು ಬಣ್ಣ ಬಳಿಯಲಿ.

ಬೇಡದ್ದು ಆಗಿಯೇಬಿಟ್ಟರೆ ಎಂಬುದನ್ನೂ ತಿಳಿದಿರಿ. ಗಾಯವನ್ನು ಶುದ್ಧ ಬಟ್ಟೆಯಿಂದ ಗಟ್ಟಿಯಾಗಿ ಒತ್ತಿ ಕೈ ಎತ್ತಿ ಹಿಡಿಯಬೇಕು, 108ಕ್ಕೆ ಕರೆ ಮಾಡಬೇಕು. ಬೆರಳು ತುಂಡಾಗಿದ್ದರೆ ಒದ್ದೆ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ, ಆ ಚೀಲವನ್ನು ಮಂಜುಗಡ್ಡೆ ಹಾಕಿದ ನೀರಿನಲ್ಲಿಡಿ. ಮಂಜುಗಡ್ಡೆ ನೇರವಾಗಿ ತಾಗಿದರೆ ಬೆರಳು ಕೆಡುತ್ತದೆ. ಬೆರಳು ಜೋಡಿಸುವ ಪ್ಲಾಸ್ಟಿಕ್ ಸರ್ಜನ್ ಹತ್ತಿರದ ಯಾವ ಆಸ್ಪತ್ರೆಯಲ್ಲಿದ್ದಾರೆ ಎಂದು ಈಗಲೇ ವಿಚಾರಿಸಿಟ್ಟುಕೊಳ್ಳಿ.

ಯಜಮಾನರ ಹತ್ತಿರ ಇದನ್ನೆಲ್ಲ ಉಪದೇಶದಂತೆ ಓದಿ ಹೇಳಬೇಡಿ. ‘ಶಾಪಿಗೆ ಹೊಸ ಹುಡುಗ ಬಂದರೆ ಪ್ರೆಸ್ ಮುಟ್ಟುವ ಮುಂಚೆ ಏನೇನು ಹೇಳುತ್ತಿದ್ದಿರಿ?’ ಎಂದು ಕೇಳಿ. ಆ ಮಾತನ್ನೇ ಮೊಮ್ಮಗನಿಗಾಗಿ ಒಂದು ಬೋರ್ಡಿನ ಮೇಲೆ ಬರೆಸಿ. ಮೆಷಿನ್ ಓಡುವಾಗ ಹುಡುಗ ಬಾಲ್ಕನಿಯ ಬಾಗಿಲಾಚೆ ಇರಲಿ, ಕೊಯ್ದ ಪಟ್ಟಿಗೆ ಸ್ಯಾಂಡ್‌ಪೇಪರ್ ತಿಕ್ಕುವ ಕೆಲಸ ಅವನದು. ಕೆಲಸ ಮುಗಿದೊಡನೆ ಪ್ಲಗ್ ಕಿತ್ತು ತಲೆಯನ್ನು ಕೆಳಗಿಳಿಸಿ ಪಿನ್ನು ಹಾಕಬೇಕು. ಬಹಳಷ್ಟು ಮೈಟರ್ ಸಾಗಳ ಟ್ರಿಗರಿನಲ್ಲಿ ಒಂದು ಸಣ್ಣ ತೂತು ಇರುತ್ತದೆ, ಅದು ಬೀಗಕ್ಕೆಂದೇ ಕೊಟ್ಟದ್ದು. ಚಿಕ್ಕ ಬೀಗವೊಂದನ್ನು ಹಾಕಿಸಿ. ಚಾವಿ ಮಾತ್ರ ಅವರ ಹತ್ತಿರವೇ ಇರಲಿ, ನೀವು ಬಚ್ಚಿಟ್ಟರೆ ಮುಂದಿನ ಪತ್ರ ನನಗೆ ಅವರಿಂದ ಬಂದೀತು.