ಶುಲ್ಕದ ರಸೀದಿಯೂ ಆಟದ ಬಯಲೂ

ಖಾಸಗಿ ಶಾಲೆಯ ಶುಲ್ಕವನ್ನು ಕುರಿತು ನಮ್ಮ ಮಧ್ಯಮ ವರ್ಗದ ಮನೆಗಳಲ್ಲಿ ನಡೆಯುವ ಮಾತೆಲ್ಲ ಬಹುಮಟ್ಟಿಗೆ ಅದರ ಮೊತ್ತವನ್ನೇ ಸುತ್ತುತ್ತಿರುತ್ತದೆ. ಆ ಮೊತ್ತ ಯಾವ ಯಾವ ಬಾಬ್ತಿಗೆ ಹಂಚಿಹೋಗುತ್ತದೆ, ಅದರಲ್ಲಿ ಎಷ್ಟು ಮಗುವಿನ ಪಾಲಿಗೆ ದಕ್ಕುತ್ತದೆ, ಎಷ್ಟು ಕಟ್ಟಡದ ಗೋಡೆಗೆ ಸೇರುತ್ತದೆ ಎಂದು ವಿಚಾರಿಸುವವರು ವಿರಳ. ಬ್ಯಾಂಕಿನ ಸಾಲವಿಭಾಗದಲ್ಲಿ ಕುಳಿತು ಅನ್ಯರ ಜಮಾಖರ್ಚನ್ನು ಓದುವುದರಲ್ಲಿಯೇ ಆಯುಷ್ಯದ ದೊಡ್ಡ ಭಾಗವನ್ನು ಕಳೆದವನಾದ್ದರಿಂದಲೋ ಏನೋ, ಮಗಳನ್ನು ಬೆಂಗಳೂರಿನ ಒಂದು ಖಾಸಗಿ ಶಾಲೆಗೆ ಸೇರಿಸಿದ ದಿನದಿಂದ ಆಕೆ ಹತ್ತನೆಯ ತರಗತಿ ಮುಗಿಸುವವರೆಗಿನ ರಸೀದಿಗಳನ್ನೆಲ್ಲ ಒಂದು ರಟ್ಟಿನ ಕಡತದಲ್ಲಿ ಕೂಡಿಟ್ಟೆನು. ಈಗ ಮೊಮ್ಮಗನ ಸರದಿ ಬಂದಿರುವುದರಿಂದ ಅವುಗಳನ್ನು ಹೊರಗೆ ತೆಗೆದು, ಹೊಸ ರಸೀದಿಯ ಪಕ್ಕದಲ್ಲಿಟ್ಟು ನೋಡುವ ಸಂದರ್ಭ ಒದಗಿತು.

ಹಳೆಯ ರಸೀದಿಯಲ್ಲಿ ಬೋಧನಾ ಶುಲ್ಕ, ಪ್ರಯೋಗಾಲಯ, ಗ್ರಂಥಾಲಯ, ಕ್ರೀಡೆ ಎಂದು ಕೆಲವೇ ಸಾಲುಗಳಿದ್ದುವು. ಆ ಕಾಲದ ವೈಭವಕ್ಕೆ ಸಾಕ್ಷಿಯಾಗಿ ಕೊನೆಯಲ್ಲಿ ಕಂಪ್ಯೂಟರ್ ಶುಲ್ಕವೆಂಬ ಒಂದು ಸಾಲು ಇತ್ತು. ಹೊಸದರಲ್ಲಿ ಸ್ಮಾರ್ಟ್ ಕ್ಲಾಸ್, ರೋಬೋಟಿಕ್ಸ್, ಆ್ಯಪ್ ಬಳಕೆ, ಅಭಿವೃದ್ಧಿ ಶುಲ್ಕ ಮೊದಲಾದುವು ಮೇಲಿನಿಂದ ಕೆಳಗಿನವರೆಗೆ ತುಂಬಿಕೊಂಡಿವೆ. ಈ ವಿಂಗಡಣೆ ಕೇವಲ ಕಾಗದದ ಅಲಂಕಾರವಲ್ಲವೆಂಬುದು ತೆರಿಗೆ ಕಟ್ಟುವ ಕಾಲದಲ್ಲಿ ತಿಳಿಯುತ್ತದೆ. 1961ರ ಆದಾಯ ತೆರಿಗೆ ಕಾಯಿದೆಯ 80ಸಿ ಪ್ರಕರಣದಡಿ ಇಬ್ಬರು ಮಕ್ಕಳವರೆಗೆ, ಭವಿಷ್ಯನಿಧಿ, ಜೀವವಿಮೆ ಇತ್ಯಾದಿಗಳೊಡನೆ ಸೇರಿ ಒಟ್ಟು 1.5 ಲಕ್ಷ ರೂಪಾಯಿಯ ಮಿತಿಯೊಳಗೆ ದೊರೆಯುತ್ತ ಬಂದ ವಿನಾಯಿತಿ ಬೋಧನಾ ಶುಲ್ಕಕ್ಕೆ ಮಾತ್ರ ಅನ್ವಯಿಸುತ್ತಿತ್ತೇ ಹೊರತು ಅಭಿವೃದ್ಧಿ ಶುಲ್ಕಕ್ಕಾಗಲಿ, ಡೊನೇಷನ್ನಿಗಾಗಲಿ ಅಲ್ಲ. ಅದೂ ಹಳೆಯ ತೆರಿಗೆ ಪದ್ಧತಿಯನ್ನು ಆರಿಸಿಕೊಂಡವರಿಗೆ. ಹೀಗಾಗಿ ಬೋಧನೆಯ ಸಾಲನ್ನು ಕುಗ್ಗಿಸಿ ಅಭಿವೃದ್ಧಿಯ ಸಾಲನ್ನು ಹಿಗ್ಗಿಸುವ ಶಾಲೆ, ತಾನು ಒಂದು ಪೈಸೆಯನ್ನೂ ಹೆಚ್ಚಿಗೆ ಕೇಳದೆಯೇ ಪೋಷಕನ ತೆರಿಗೆಯನ್ನು ಏರಿಸಬಲ್ಲುದು. ಡೊನೇಷನ್ನಿನ ವಿಷಯದಲ್ಲಂತೂ 2009ರ ಶಿಕ್ಷಣ ಹಕ್ಕು ಕಾಯಿದೆ ಸ್ಪಷ್ಟವಾಗಿಯೇ ಇದೆ: ಪಡೆದ ಕ್ಯಾಪಿಟೇಷನ್ ಹಣದ ಹತ್ತು ಪಟ್ಟಿನವರೆಗೆ ದಂಡ. ಕಾಯಿದೆ ಸ್ಪಷ್ಟವಾಗಿದ್ದಷ್ಟೂ ಡೊನೇಷನ್ ಕೊಡುವವರ ಮತ್ತು ಕೊಳ್ಳುವವರ ಧ್ವನಿ ತಗ್ಗಿರುತ್ತದೆಂಬುದು ಬೇರೆ ಮಾತು.

ಮೊತ್ತದ ಬಗೆಗೂ ಒಂದು ಲೆಕ್ಕವನ್ನು ಮಾಡಿಬಿಡೋಣ. ಎಲ್.ಕೆ.ಜಿ.ಯಲ್ಲಿ ವರ್ಷಕ್ಕೆ 1 ಲಕ್ಷ ರೂಪಾಯಿ ಎಂದಾಗ, ಹತ್ತನೆಯ ತರಗತಿಯವರೆಗಿನ 12 ವರ್ಷಗಳಿಗೆ 12 ಲಕ್ಷ ಎಂದು ಮನಸ್ಸು ತಾನಾಗಿಯೇ ಗುಣಿಸಿಕೊಳ್ಳುತ್ತದೆ. ಶುಲ್ಕ ವರ್ಷವರ್ಷವೂ ಶೇಕಡಾ 10ರಂತೆ ಏರುವುದಾದರೆ ಕೊನೆಯ ವರ್ಷದ ಶುಲ್ಕ 2.85 ಲಕ್ಷವನ್ನು ಮುಟ್ಟುತ್ತದೆ. ಹನ್ನೆರಡೂ ವರ್ಷಗಳ ಒಟ್ಟು ಮೊತ್ತ 21.38 ಲಕ್ಷವಾಗುತ್ತದೆ. ಪ್ರವೇಶಕಾಲದಲ್ಲಿ ಬಡ್ಡಿಯಿಲ್ಲದೆ ಇರಿಸಿಕೊಳ್ಳುವ ಕಾಷನ್ ಡೆಪಾಸಿಟ್ 25,000 ರೂಪಾಯಿ ಎಂದಿಟ್ಟುಕೊಂಡರೆ, ಅದೇ ಹಣ ಶೇಕಡಾ 7ರ ಚಕ್ರಬಡ್ಡಿಯಲ್ಲಿ ಅಷ್ಟೇ ಕಾಲ ಬ್ಯಾಂಕಿನಲ್ಲಿದ್ದಿದ್ದರೆ 56,000ವನ್ನು ಮೀರುತ್ತಿತ್ತು. ಈ ವ್ಯತ್ಯಾಸವೂ ಶುಲ್ಕವೇ. ರಸೀದಿಯಲ್ಲಿ ಅದಕ್ಕೆ ಸಾಲಿಲ್ಲ, ಅಷ್ಟೆ.

ಇಷ್ಟು ಹಣ ಎಲ್ಲಿಗೆ ಹೋಗುತ್ತದೆ? ಸಾಲವಿಭಾಗದ ಅನುಭವದಿಂದ ಹೇಳುವುದಾದರೆ, ಹೊಸ ಶಾಲೆಗಳಲ್ಲಿ ಅದರ ಒಂದು ದೊಡ್ಡ ಪಾಲು ನೆಲಕ್ಕೆ, ನೆಲದ ಮೇಲಿನ ಕಟ್ಟಡಕ್ಕೆ, ಕಟ್ಟಡದ ಸಾಲದ ಬಡ್ಡಿಗೆ ಸಲ್ಲುತ್ತದೆ. 1858ರಲ್ಲಿ ಆರಂಭವಾದ ಸೇಂಟ್ ಜೋಸೆಫ್ಸ್, 1865ರ ಬಿಷಪ್ ಕಾಟನ್, 1880ರ ಬಾಲ್ಡ್‌ವಿನ್ ಇವು ಬೆಂಗಳೂರು ದಂಡುಪ್ರದೇಶದಲ್ಲಿ ನೆಲೆಗೊಂಡ ಕಾಲದಲ್ಲಿ ನೆಲವನ್ನು ಚದರಡಿಯ ಲೆಕ್ಕದಲ್ಲಿ ಕೊಳ್ಳಬೇಕಾಗಿರಲಿಲ್ಲ. ರಾಹುಲ್ ದ್ರಾವಿಡರಂಥವರು ಇಂಥ ಶಾಲೆಯೊಂದರಿಂದ, ಅಂದರೆ ಸೇಂಟ್ ಜೋಸೆಫ್ಸಿನಿಂದ, ಬಂದರೆಂದು ಹೆಮ್ಮೆಪಡುವಾಗ ಬಾಲಕನ ಪ್ರತಿಭೆಯೊಡನೆ ಆ ಶಾಲೆಯ ನೆಲವನ್ನೂ ಒಮ್ಮೆ ನೆನೆಯುವುದು ಉಚಿತ. ಪ್ರಮಾಣಬದ್ಧವಾದ 400 ಮೀಟರಿನ ಓಟದ ಪಥವೊಂದಕ್ಕೇ ಸುಮಾರು 4 ಎಕರೆ ಬೇಕು. ಇಂದು ಹೊರವಲಯದ ಬಡಾವಣೆಯಲ್ಲಿ ಅಷ್ಟು ನೆಲವನ್ನು ಕೊಂಡು, ಅದನ್ನು ಮಕ್ಕಳು ಓಡಲೆಂದು ಬರಿದಾಗಿ ಬಿಡುವ ಆಡಳಿತ ಮಂಡಳಿ ಅಪರೂಪವೇ. ಅಲ್ಲಿ ಆಟದ ಬಯಲು ಕಿರಿದಾಗುತ್ತ ಹೋಗಿ, ಕೊನೆಗೆ ಬಸ್ಸುಗಳು ತಂಗುವ ಅಂಗಳವೂ ಅದೇ ಆಗಿಬಿಡುತ್ತದೆ.

ಶಾಲೆಗಳು ಲಾಭಕ್ಕಾಗಿ ನಡೆಯಕೂಡದು, ಆದರೆ ಬೆಳವಣಿಗೆಗೆ ಬೇಕಾದ ನ್ಯಾಯವಾದ ಮಿಗತೆಯನ್ನು ಉಳಿಸಿಕೊಳ್ಳಬಹುದು ಎಂಬ ತತ್ತ್ವವನ್ನು ಸರ್ವೋಚ್ಚ ನ್ಯಾಯಾಲಯದ ಹನ್ನೊಂದು ನ್ಯಾಯಾಧೀಶರ ಪೀಠ 2002ರಲ್ಲಿ ನಮ್ಮ ರಾಜ್ಯದಿಂದಲೇ ಹೋದ ಟಿ.ಎಂ.ಎ. ಪೈ ಪ್ರತಿಷ್ಠಾನದ ಮೊಕದ್ದಮೆಯಲ್ಲಿ ನಿರ್ಣಯಿಸಿತು. ಮಿಗತೆಗೂ ಲಾಭಕ್ಕೂ ನಡುವಣ ಗೆರೆಯನ್ನು ಎಲ್ಲಿ ಎಳೆಯಬೇಕೆಂಬುದು ವಕೀಲರ ವಿಷಯ. ಅಭಿವೃದ್ಧಿ ಶುಲ್ಕವನ್ನು ತೆರುವ ತಂದೆತಾಯಿಗಳು ಕಟ್ಟಡಕ್ಕೆ ಬಂಡವಾಳ ಹೂಡುತ್ತಾರೆ, ಆದರೆ ಪಾಲುದಾರರಾಗುವುದಿಲ್ಲ. ಈ ಮಟ್ಟಿಗಿನ ಅರಿವು ಪೋಷಕನಿಗೆ ಸಾಕು. ಪ್ರತಿಯಾಗಿ ಅವರು ಕೇಳಬಹುದಾದುದು ಒಂದೇ: ಅವರ ಮಗು ಶಾಲೆಯಲ್ಲಿರುವಷ್ಟು ಕಾಲ ಆ ಆಸ್ತಿ ಮಗುವಿನ ಉಪಯೋಗಕ್ಕೆ ಒದಗಬೇಕು. ಈಜುಕೊಳವಿದ್ದು ಅದಕ್ಕೆ ಬೀಗವಿದ್ದರೆ ಆ ಬೀಗದ ಬಡ್ಡಿಯನ್ನೂ ನಾವೇ ತೆತ್ತಂತಾಯಿತು.

ನನ್ನ ಮಗಳ ಶಾಲೆಯ ದೊಡ್ಡ ಆಸ್ತಿಯೆಂದರೆ ಅಲ್ಲಿಯ ಪಿ.ಟಿ. ಮೇಷ್ಟ್ರು. ಕ್ರೀಡಾಕೂಟದ ಹಿಂದಿನ ಸಂಜೆ ಹಗ್ಗ ಹಿಡಿದು, ತಗಡಿನ ಡಬ್ಬಿಯಲ್ಲಿ ಸುಣ್ಣದ ಪುಡಿ ತುಂಬಿಕೊಂಡು, ಬಾಗಿದ ಬೆನ್ನನ್ನು ನೆಟ್ಟಗೆ ಮಾಡದೆ ಒಂದೊಂದೇ ಗೆರೆ ಎಳೆಯುತ್ತಿದ್ದ ಆ ಮನುಷ್ಯನಿಗೆ ಮಕ್ಕಳ ಹೆಸರಷ್ಟೇ ಅಲ್ಲ, ಯಾರ ಮೊಣಕಾಲು ಯಾವಾಗ ಉಳುಕಿತ್ತೆಂಬುದೂ ಬಾಯಿಪಾಠವಾಗಿತ್ತು. ಮಗಳು ಓಟದಲ್ಲಿ ಗೆದ್ದು ಹೋಬಳಿ ಮಟ್ಟಕ್ಕೆ ಆಯ್ಕೆಯಾದಾಗ, ನಾನು ಉತ್ಸಾಹದಿಂದ ಸ್ಪೈಕ್ಸ್ ಕೊಡಿಸುವ ಪ್ರಸ್ತಾಪವೆತ್ತಿದೆ. ಅವರು ನಕ್ಕು, “ಬೇಡಿ ಸಾರ್, ಆರು ತಿಂಗಳಿಗೆ ಮಗು ಕಾಲು ಬೆಳೆಯುತ್ತೆ. ಕ್ಯಾನ್ವಾಸ್ ಶೂನಲ್ಲೇ ಓಡಲಿ, ಜಿಲ್ಲೆಗೆ ಹೋದರೆ ಆಮೇಲೆ ನೋಡೋಣ” ಎಂದರು. ಶಾಲೆಯ ಕಡೆಯವರೊಬ್ಬರು ನನ್ನ ಹಣವನ್ನು ಉಳಿಸಿದ ಪ್ರಸಂಗಗಳು ಹೆಚ್ಚಿಲ್ಲವಾದ್ದರಿಂದ ಈ ಮಾತು ನನಗೆ ಅಕ್ಷರಶಃ ನೆನಪಿದೆ. ಹೋಬಳಿ ಕೂಟದಲ್ಲಿ ಸರ್ಕಾರಿ ಶಾಲೆಯ ಹುಡುಗಿಯರು ಬರಿಗಾಲಿನಲ್ಲಿ ಓಡಿ ಮೊದಲೆರಡು ಸ್ಥಾನಗಳನ್ನು ಗೆದ್ದರು; ನಮ್ಮ ಹುಡುಗಿ ಮೂರನೆಯವಳಾದಳು. ಆ ಮೇಷ್ಟ್ರು ಗೆದ್ದ ಮಕ್ಕಳ ಬಳಿಗೇ ಮೊದಲು ಹೋಗಿ ಬೆನ್ನುತಟ್ಟಿ ಬಂದರು. ಇಂಥ ಗುಣಕ್ಕೆ ಯಾವ ಶುಲ್ಕಪಟ್ಟಿಯಲ್ಲಿಯೂ ಬಾಬ್ತಿರುವುದಿಲ್ಲ. ಅವರ ಸಂಬಳ ಎಷ್ಟಿತ್ತೆಂದು ಮುಂದೊಂದು ದಿನ ತಿಳಿದಾಗ, ಅದು ನಾವು ವಾರ್ಷಿಕೋತ್ಸವದ ದಿನ ನೃತ್ಯದ ಬಾಡಿಗೆ ಉಡುಪಿಗೆಂದು ತರಗತಿಯವರೆಲ್ಲ ಸೇರಿ ತೆತ್ತ ಹಣಕ್ಕಿಂತ ಕಡಿಮೆಯಾಗಿತ್ತೆಂಬುದು ನನ್ನನ್ನು ಬಹುಕಾಲ ಕಾಡಿತು.

ವಿದ್ಯಾಭ್ಯಾಸದ ಭಾಗದಲ್ಲಿಯೂ ಒಂದು ವಿಪರೀತವನ್ನು ಕಾಣುತ್ತೇನೆ. ಶಾಲೆಗೆ ಪೂರ್ಣ ಬೋಧನಾ ಶುಲ್ಕವನ್ನು ತೆತ್ತ ಅದೇ ಪೋಷಕ, ಎಂಟನೆಯ ತರಗತಿ ಬರುತ್ತಿದ್ದಂತೆಯೇ ಸಂಜೆಯ ಕೋಚಿಂಗಿಗೆ ಎರಡನೆಯ ಬಾರಿ ಹಣ ಕಟ್ಟುತ್ತಾನೆ. ಶಾಲೆಯ ಬೋಧನೆಗೆ ಜಿ.ಎಸ್.ಟಿ. ಇಲ್ಲ, ಕೋಚಿಂಗ್ ಸಂಸ್ಥೆಯ ಬೋಧನೆಗೆ ಶೇಕಡಾ 18 ಉಂಟು. ಆ ಸಂಜೆಗಳು ಬರುವುದು ಮಗುವಿನ ಆಟದ ಹೊತ್ತಿನಿಂದಲೇ. ಶೈಕ್ಷಣಿಕ ಪ್ರವಾಸವೂ ಇದೇ ದಾರಿ ಹಿಡಿದಿದೆ: ನಮ್ಮ ಕಾಲದಲ್ಲಿ ಬೇಲೂರು, ಹಳೇಬೀಡು, ಶ್ರವಣಬೆಳಗೊಳ ಎಂದು ಪುಳಿಯೋಗರೆ ಬುತ್ತಿಯೊಡನೆ ಒಂದು ಬಸ್ಸಿನಲ್ಲಿ ಮುಗಿಯುತ್ತಿದ್ದುದು, ಈಗ ಕೆಲವೆಡೆ ವಿಮಾನವೇರಿ ಸಿಂಗಪುರಕ್ಕೆ ಹೊರಟಿದೆ. ಪ್ರವಾಸ ಐಚ್ಛಿಕವೆಂದು ಸುತ್ತೋಲೆಯಲ್ಲಿ ಬರೆದಿರುತ್ತದೆ. ತರಗತಿಯ ಬಹುಪಾಲು ಮಕ್ಕಳು ಹೊರಟಾಗ ಉಳಿದ ಮಗುವಿನ ಮುಖದೆದುರು ಆ ಐಚ್ಛಿಕತೆ ಎಷ್ಟು ನಿಲ್ಲುತ್ತದೆಂಬುದನ್ನು ಪೋಷಕರೇ ಬಲ್ಲರು.

ಶಾಲೆಯನ್ನು ಆರಿಸುವ ವಿಷಯದಲ್ಲಿ ಅಳಿಯಂದಿರು ಕೇಳಿದಾಗ ನಾನು ಎರಡು ಸಂಗತಿಗಳನ್ನು ವಿಚಾರಿಸುವಂತೆ ಹೇಳಿದೆ: ಕಳೆದ ಐದು ವರ್ಷಗಳಲ್ಲಿ ಶುಲ್ಕ ಎಷ್ಟೆಷ್ಟು ಏರಿತು, ಅದೇ ಅವಧಿಯಲ್ಲಿ ಎಷ್ಟು ಜನ ಅಧ್ಯಾಪಕರು ಬಿಟ್ಟುಹೋದರು. ಮೊದಲನೆಯ ಪ್ರಶ್ನೆಗೆ ಕಚೇರಿಯ ಗುಮಾಸ್ತರು ಒಡನೆಯೇ ಕಾಗದ ಕೊಟ್ಟರಂತೆ. ಎರಡನೆಯದಕ್ಕೆ ಪ್ರಾಂಶುಪಾಲರನ್ನು ಕಾಣಬೇಕೆಂದರಂತೆ. ಪ್ರಾಂಶುಪಾಲರು ಮುಚ್ಚುಮರೆಯಿಲ್ಲದೆ ಹೇಳಿದರೆಂಬ ಕಾರಣಕ್ಕೇ ಆ ಶಾಲೆ ನಿಶ್ಚಯವಾಯಿತು, ಪಿ.ಟಿ. ಮೇಷ್ಟ್ರು ಅಲ್ಲಿ ಒಂಬತ್ತು ವರ್ಷಗಳಿಂದ ಇದ್ದಾರಂತೆ.

ಇನ್ನು ಹಣವನ್ನು ಹೊಂದಿಸುವ ಕ್ರಮ. 1928ರಲ್ಲಿ, ಮೇಲೆ ಹೇಳಿದ ಪ್ರತಿಷ್ಠಾನದ ಹೆಸರಿನಲ್ಲಿರುವ ಟಿ.ಎಂ.ಎ. ಪೈ ಅವರೇ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿದ ಸಂಸ್ಥೆಯ ಮೂಲಕ ಪಿಗ್ಮಿ ಯೋಜನೆಯನ್ನು ಆರಂಭಿಸಿ, ಕರಾವಳಿಯ ಮನೆಮನೆಗಳಿಂದ ದಿನಕ್ಕೆ ಎರಡಾಣೆಯಂಥ ಸಣ್ಣ ಮೊತ್ತವನ್ನೂ ಸಂಗ್ರಹಿಸುವ ವ್ಯವಸ್ಥೆ ಮಾಡಿದರಷ್ಟೆ. ಶಾಲಾಶುಲ್ಕಕ್ಕೆ ಇದಕ್ಕಿಂತ ಒಳ್ಳೆಯ ಮಾದರಿಯನ್ನು ನಾನು ಕಾಣೆ. ಜೂನ್ ತಿಂಗಳಲ್ಲಿ ಒಮ್ಮೆಗೇ ತೆರಬೇಕಾದ ಮೊತ್ತಕ್ಕೆ ಕ್ರೆಡಿಟ್ ಕಾರ್ಡಿನ ಕಂತನ್ನೋ ಹೊಸಬಗೆಯ ಶುಲ್ಕಸಾಲವನ್ನೋ ಹಿಡಿಯುವ ಬದಲು, ಈ ವರ್ಷದ ಶುಲ್ಕವನ್ನು ಮುಂದಿನ ವರ್ಷಕ್ಕೆಂದು ಶೇಕಡಾ 10 ಏರಿಸಿ, ಹನ್ನೆರಡರಿಂದ ಭಾಗಿಸಿ, ಮೇ ತಿಂಗಳಲ್ಲಿ ಮುಗಿಯುವಂತೆ ಒಂದು ವರ್ಷದ ಆವರ್ತ ಠೇವಣಿ ತೆರೆದರೆ ಬಡ್ಡಿ ನಮ್ಮ ಕಡೆಗೆ ಹರಿಯುತ್ತದೆ. ನಾನು ಮಗಳಿಗಾಗಿ ಹಾಗೆಯೇ ಮಾಡುತ್ತ ಬಂದೆ. ಈಗ ಆಕೆ ತನ್ನ ಮಗನಿಗಾಗಿ ಅದನ್ನೇ ಫೋನಿನಲ್ಲಿ ತೆರೆದಿದ್ದಾಳೆ. ಪ್ರತಿ ತಿಂಗಳ 5ರಂದು ಸಂಬಳದ ಖಾತೆಯಿಂದ ತಾನಾಗಿಯೇ ಕಡಿತವಾಗುತ್ತದೆ. ಸಮವಸ್ತ್ರಕ್ಕೂ ಬಸ್ಸಿಗೂ ಬೇರೊಂದು ಚಿಕ್ಕ ಠೇವಣಿಯಿದೆ. ಸಿಂಗಪುರದ ಪ್ರವಾಸಕ್ಕೆ ಇನ್ನೂ ಯಾವ ಠೇವಣಿಯನ್ನೂ ತೆರೆದಿಲ್ಲ, ಹುಡುಗನಿನ್ನೂ ಎಲ್.ಕೆ.ಜಿ.